ಚರ್ಚಿನ ಗೋಡೆ ದಾಟಿ ಬಯಲಿಗೆ ಬಂದ ಬೋಧಕರು: ಅಮೆರಿಕದ ಉಜ್ಜೀವನ ಚಳವಳಿ ಅಂದರೆ ಏನು?

ಅಮೆರಿಕದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಸುದ್ದಿಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಇವ್ಯಾಂಜೆಲಿಕಲ್ ಮತದಾರರು. ಅವರು ಯಾರ ಕಡೆ ವಾಲಿದ್ದಾರೆ, ಎಷ್ಟು ಜನ ಇದ್ದಾರೆ ಅಂತ ಟಿವಿಯಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಅವರು ಯಾರು, ಎಲ್ಲಿಂದ ಬಂದರು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಅಲ್ಲಿಗೆ ಹೋಗಿ ಬಂದವರು ಇನ್ನೊಂದು ವಿಷಯ ಗಮನಿಸಿರುತ್ತಾರೆ. ಒಂದೇ ರಸ್ತೆಯಲ್ಲಿ ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಅಂತ ನಾಲ್ಕಾರು ಚರ್ಚುಗಳು. ಯಾವುದಕ್ಕೂ ಸರ್ಕಾರದ ದುಡ್ಡಿಲ್ಲ, ಆದರೂ ನಡೆಯುತ್ತವೆ.

ಇವೆರಡಕ್ಕೂ ಬೇರು ಒಂದೇ. ಸುಮಾರು 1730ರಿಂದ 1830ರವರೆಗಿನ ನೂರು ವರ್ಷಗಳಲ್ಲಿ ಕೆಲವು ಬೋಧಕರು ಅಲ್ಲಿನ ಧರ್ಮದ ಲೆಕ್ಕಾಚಾರವನ್ನೇ ಬದಲಿಸಿದರು. ಚರ್ಚಿಗೆ ಹೋಗುವುದು ಊರಿನ ಕಟ್ಟಳೆಯಾಗಿದ್ದ ಕಾಲ ಹೋಗಿ, ಕೇಳುವವನೇ ಆರಿಸಿಕೊಳ್ಳುವ ಕಾಲ ಬಂತು.

ಮೊದಲು ಹೇಗಿತ್ತು?

ಪ್ರಾಟೆಸ್ಟೆಂಟರು ಅಂದರೆ 16ನೇ ಶತಮಾನದಲ್ಲಿ ಪೋಪರ ಅಧಿಕಾರ ಒಪ್ಪದೆ ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ ಕ್ರೈಸ್ತರು. ಅವರಲ್ಲೇ ಹಲವು ಪಂಗಡಗಳು, ಮೇಲೆ ಹೇಳಿದ ಬ್ಯಾಪ್ಟಿಸ್ಟ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಅಂಥವೇ. ಇಂಗ್ಲೆಂಡಿನ ಚರ್ಚು ಇನ್ನೂ ಸಾಕಷ್ಟು ಶುದ್ಧವಾಗಿಲ್ಲ ಅಂತ ಅಸಮಾಧಾನ ಇದ್ದವರು ಪ್ಯೂರಿಟನ್ನರು. 1620, 30ರ ದಶಕಗಳಲ್ಲಿ ಅವರು ಅಟ್ಲಾಂಟಿಕ್ ದಾಟಿ ಬಂದು ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಕಡೆ ನೆಲೆಸಿದರು.

ಧರ್ಮಸ್ವಾತಂತ್ರ್ಯಕ್ಕಾಗಿ ಬಂದವರು ಅನ್ನುತ್ತೇವೆ. ಅದು ಅವರ ಸ್ವಾತಂತ್ರ್ಯ, ಉಳಿದವರದ್ದಲ್ಲ. ಊರಿಗೊಂದು ಚರ್ಚು, ಅದಕ್ಕೊಬ್ಬ ಪಾದ್ರಿ, ಅವರ ಸಂಬಳಕ್ಕೆ ಊರವರೆಲ್ಲರ ಮೇಲೆ ತೆರಿಗೆ. ದಕ್ಷಿಣದ ವರ್ಜೀನಿಯಾದಲ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚೇ ಇತ್ತು. ಅಲ್ಲಿ ಪಾದ್ರಿಯ ಸಂಬಳವನ್ನು ಹೊಗೆಸೊಪ್ಪಿನ ಲೆಕ್ಕದಲ್ಲಿ ಕೊಡುತ್ತಿದ್ದರು: ವರ್ಷಕ್ಕೆ 16,000 ಪೌಂಡ್, ಅಂದರೆ ಏಳು ಸಾವಿರ ಕಿಲೋಗೂ ಜಾಸ್ತಿ.

ಇದನ್ನು ನಮ್ಮ ಕಡೆಯ ಒಂದು ಚಿತ್ರದಿಂದ ಅರ್ಥ ಮಾಡಿಕೊಳ್ಳಬಹುದು. ಮುಜರಾಯಿ ದೇವಸ್ಥಾನದ ಅರ್ಚಕರಿಗೆ ತಸ್ತೀಕು ಬರುತ್ತದೆ. ಭಕ್ತರು ನೂರು ಜನ ಬಂದರೂ ಅಷ್ಟೇ, ಇಬ್ಬರೇ ಬಂದರೂ ಅಷ್ಟೇ. ಹರಿಕಥೆ ದಾಸರದು ಹಾಗಲ್ಲ. ಜನ ಎದ್ದು ಹೋದರೆ ಕಥೆ ಮುಗಿದಂತೆ. ರಾಗ, ಹಾಸ್ಯ, ಕಣ್ಣೀರು ಎಲ್ಲ ಸೇರಿಸಿ ಕೂತವರನ್ನು ಹಿಡಿದಿಟ್ಟುಕೊಳ್ಳಬೇಕು. ಅಮೆರಿಕದ ಹಳೆಯ ಪಾದ್ರಿಗಳು ಮೊದಲನೆಯ ಥರ. ಈಗ ಹೇಳಹೊರಟ ಬೋಧಕರು ಎರಡನೆಯ ಥರ.

ಪ್ಯೂರಿಟನ್ ಊರುಗಳಲ್ಲಿ ಇನ್ನೊಂದು ತೊಡಕಿತ್ತು. ಚರ್ಚಿನ ಪೂರ್ಣ ಸದಸ್ಯನಾಗಬೇಕಾದರೆ, ದೇವರು ತನ್ನ ಮನಸ್ಸನ್ನು ಹೇಗೆ ಮುಟ್ಟಿದ ಅಂತ ಅನುಭವವನ್ನು ಹೇಳಿಕೊಳ್ಳಬೇಕಿತ್ತು. ಹಡಗು ಹತ್ತಿ ಬಂದ ಮೊದಲ ಪೀಳಿಗೆಗೆ ಅದು ಕಷ್ಟವಾಗಲಿಲ್ಲ. ಅವರ ಮಕ್ಕಳಿಗೆ ಹೇಳಿಕೊಳ್ಳುವಂಥ ಅನುಭವವೇ ಇರಲಿಲ್ಲ. 1662ರಲ್ಲಿ ಪಾದ್ರಿಗಳು ಒಂದು ರಾಜಿ ಮಾಡಿದರು. ಪೂರ್ಣ ಸದಸ್ಯರಲ್ಲದವರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದು, ಆದರೆ ಪೂರ್ಣ ಹಕ್ಕಿಲ್ಲ. ಜನ ಇದನ್ನು ಅರ್ಧದಾರಿಯ ಒಡಂಬಡಿಕೆ ಅಂತಲೇ ಕರೆದರು. ಚರ್ಚು ತುಂಬಿಯೇ ಇತ್ತು, ಬಿಸಿ ಮಾತ್ರ ಆರಿತ್ತು.

ಉಜ್ಜೀವನ ಅಂದರೇನು?

ಆರಿದ್ದನ್ನು ಮತ್ತೆ ಹೊತ್ತಿಸುವುದೇ ಉಜ್ಜೀವನ. ಇಂದಿಗೂ ಕರ್ನಾಟಕದ ಚರ್ಚುಗಳಲ್ಲಿ ಉಜ್ಜೀವನ ಕೂಟ ಅಂತ ನಡೆಯುತ್ತವೆ, ಪೋಸ್ಟರುಗಳಲ್ಲಿ ನೋಡಿರುತ್ತೀರಿ.

ಇದರ ಹಿಂದಿನ ನಂಬಿಕೆ ಸರಳ. ಕ್ರೈಸ್ತರ ಮನೆಯಲ್ಲಿ ಹುಟ್ಟಿದ್ದು ಸಾಲದು, ಭಾನುವಾರ ತಪ್ಪದೆ ಚರ್ಚಿಗೆ ಹೋದದ್ದೂ ಸಾಲದು. ತಾನು ಪಾಪಿ ಅಂತ ಒಳಗಿನಿಂದ ಅನ್ನಿಸಬೇಕು. ಪಶ್ಚಾತ್ತಾಪದಲ್ಲಿ ಕುದಿಯಬೇಕು. ಆಮೇಲೆ ದೇವರ ಕೃಪೆ ಸಿಕ್ಕಿತು ಅನ್ನುವ ನೆಮ್ಮದಿ ಬರಬೇಕು. ಇದಕ್ಕೆ ಬೈಬಲಿನ ಯೋಹಾನನ ಸುವಾರ್ತೆಯಲ್ಲಿ ಬರುವ ಹೆಸರು 'ಹೊಸದಾಗಿ ಹುಟ್ಟುವುದು'. ಇವ್ಯಾಂಜೆಲಿಕಲ್ ಅನ್ನುವವರ ತಿರುಳು ಇದೇ. ಜಾತಿ, ಮನೆತನದ ಹಾಗೆ ಬಳುವಳಿಯಾಗಿ ಬಂದ ಧರ್ಮ ಅಲ್ಲ, ಪ್ರತಿಯೊಬ್ಬರೂ ತಾವೇ ದಾಟಬೇಕಾದ ಹೊಸ್ತಿಲು.

ಮ್ಯಾಸಚೂಸೆಟ್ಸಿನ ನಾರ್ಥಾಂಪ್ಟನ್ ಊರಲ್ಲಿ ಜೊನಾಥನ್ ಎಡ್ವರ್ಡ್ಸ್ (1703–1758) ಅಂತ ಪಾದ್ರಿ ಇದ್ದರು. ಪುಸ್ತಕದ ಹುಳು. 1734–35ರಲ್ಲಿ ಅವರ ಊರಲ್ಲಿ, ಮೊದಲು ಯುವಕರಲ್ಲಿ, ಆಮೇಲೆ ಎಲ್ಲರಲ್ಲೂ ಈ ಕುದಿತ ಶುರುವಾಯಿತು. ಸುಮಾರು ಆರು ತಿಂಗಳಲ್ಲಿ 300 ಜನ ಬದಲಾದರು ಅಂತ ಅವರು ಬರೆದರು. ಆ ವರದಿ 1737ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು, ಬೇರೆ ಕಡೆಯ ಬೋಧಕರಿಗೆ ಮಾದರಿಯಾಯಿತು. ಈ ಕಥೆಗೆ ಕತ್ತಲ ಬದಿಯೂ ಇದೆ. ತನಗೆ ರಕ್ಷಣೆ ಇಲ್ಲವೇನೋ ಅನ್ನುವ ಭಯದಲ್ಲಿ ಕುಗ್ಗಿಹೋದ ಎಡ್ವರ್ಡ್ಸರ ಸ್ವಂತ ಸಂಬಂಧಿಯೊಬ್ಬರು 1735ರಲ್ಲಿ ಪ್ರಾಣ ಕಳೆದುಕೊಂಡರು. ಊರಿನ ಉತ್ಸಾಹ ಅಲ್ಲಿಗೆ ತಣ್ಣಗಾಯಿತು.

ಎಡ್ವರ್ಡ್ಸ್ ಅಂದರೆ ಎಲ್ಲರೂ ನೆನೆಯುವುದು 1741ರ ಜುಲೈ 8ರ ಪ್ರಸಂಗ, ಅಂದರೆ ಪಾದ್ರಿಯ ಬೋಧನೆಯ ಭಾಷಣ. ಊರು ಎನ್‌ಫೀಲ್ಡ್. ದೇವರು ಮನುಷ್ಯನನ್ನು ನರಕದ ಬೆಂಕಿಯ ಮೇಲೆ, ಜೇಡವನ್ನು ಹಿಡಿದಂತೆ ಹಿಡಿದಿದ್ದಾನೆ, ಆ ಕೈ ಸಡಿಲವಾದರೆ ಮುಗಿಯಿತು ಅನ್ನುವ ಚಿತ್ರ ಅದರಲ್ಲಿ ಬರುತ್ತದೆ. ಕಿರುಚಿ, ಮೇಜು ಗುದ್ದಿ ಹೇಳಿದ್ದಲ್ಲ. ಅವರು ಅಬ್ಬರದ ಮಾತುಗಾರರೇ ಅಲ್ಲ. ಆದರೂ ಕೂತವರು ನರಳತೊಡಗಿದರು, "ರಕ್ಷಣೆಗೆ ಏನು ಮಾಡಲಿ" ಅಂತ ಕೂಗಿಕೊಂಡರು. ಕೂಗು ಜೋರಾಗಿ ಪ್ರಸಂಗವನ್ನು ನಡುವೆಯೇ ನಿಲ್ಲಿಸಬೇಕಾಯಿತು ಅಂತ ಅಲ್ಲಿದ್ದ ಇನ್ನೊಬ್ಬ ಪಾದ್ರಿ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ವಿಟ್‌ಫೀಲ್ಡ್ ಬಂದರು

ಜಾರ್ಜ್ ವಿಟ್‌ಫೀಲ್ಡ್ ಹೆಸರು ಕೇಳಿ ಬೆಂಗಳೂರಿನವರಿಗೆ ವೈಟ್‌ಫೀಲ್ಡ್ ನೆನಪಾಗಬಹುದು. ಅದಕ್ಕೂ ಇವರಿಗೂ ಸಂಬಂಧ ಇಲ್ಲ. ನಮ್ಮ ವೈಟ್‌ಫೀಲ್ಡ್ ಆಂಗ್ಲೋ ಇಂಡಿಯನ್ನರ ಮುಖಂಡ ಡಿ. ಎಸ್. ವೈಟ್ ಅವರದು.

ಈ ವಿಟ್‌ಫೀಲ್ಡ್ 1714ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಒಂದು ಛತ್ರದಲ್ಲಿ, ಅದನ್ನು ನಡೆಸುತ್ತಿದ್ದವರ ಮಗನಾಗಿ ಹುಟ್ಟಿದವರು. ಶಾಲೆಯಲ್ಲಿ ನಾಟಕದ ಹುಚ್ಚು. ಆಕ್ಸ್‌ಫರ್ಡಿನಲ್ಲಿ ಜಾನ್ ಮತ್ತು ಚಾರ್ಲ್ಸ್ ವೆಸ್ಲಿ ಸಹೋದರರ ಗೆಳೆತನವಾಯಿತು. ಮುಂದೆ ಮೆಥಡಿಸ್ಟ್ ಪಂಗಡ ಕಟ್ಟಿದವರು ಈ ವೆಸ್ಲಿಗಳೇ. ಚರ್ಚಿನ ಬಾಗಿಲು ಮುಚ್ಚಿದರೆ ವಿಟ್‌ಫೀಲ್ಡ್ ಬಯಲಲ್ಲಿ ನಿಂತು ಮಾತಾಡುತ್ತಿದ್ದರು. ಪಾತ್ರಗಳನ್ನು ಅಭಿನಯಿಸುತ್ತಿದ್ದರು, ಅಳುತ್ತಿದ್ದರು. ಅವರು ಬರುವ ಮುಂಚೆಯೇ ಪತ್ರಿಕೆಗಳಲ್ಲಿ ಸುದ್ದಿ ಬರುವಂತೆ ವ್ಯವಸ್ಥೆ ಇತ್ತು. ಇಂದಿನ ಮಾತಲ್ಲಿ ಪ್ರಚಾರದ ತಂಡ.

ಅವರನ್ನು ಕೇಳಲು ಜನ ಹೇಗೆ ಓಡಿದರು ಅನ್ನುವುದನ್ನು ಕನೆಕ್ಟಿಕಟ್ಟಿನ ನೇಥನ್ ಕೋಲ್ ಅನ್ನುವ ರೈತ ಬರೆದಿದ್ದಾನೆ. ಅವನ ಕಾಗುಣಿತ ಕೆಟ್ಟದ್ದು, ಆದರೆ ಕಣ್ಣು ಚುರುಕು. 1740ರ ಅಕ್ಟೋಬರ್ 23, ಬೆಳಗ್ಗೆ ಎಂಟೋ ಒಂಬತ್ತೋ ಗಂಟೆ. ಹೊಲದಲ್ಲಿದ್ದಾನೆ. ಹತ್ತು ಗಂಟೆಗೆ ಮಿಡಲ್‌ಟೌನಿನಲ್ಲಿ ವಿಟ್‌ಫೀಲ್ಡರ ಪ್ರಸಂಗ ಅಂತ ಸುದ್ದಿ ಬಂತು. ಕೈಯಲ್ಲಿದ್ದ ಸಲಕರಣೆ ಅಲ್ಲೇ ಬಿಸಾಕಿ ಮನೆಗೆ ಓಡಿದ. ಹೆಂಡತಿಗೆ ಬೇಗ ಹೊರಡು ಅಂದ. ಹನ್ನೆರಡು ಮೈಲಿ ದಾರಿ, ಇಬ್ಬರಿಗೂ ಸೇರಿ ಒಂದೇ ಕುದುರೆ. ಕುದುರೆಗೆ ಉಸಿರು ಹತ್ತಿದಾಗ ಇವನು ಇಳಿದು, ಹೆಂಡತಿಗೆ ನಿಲ್ಲಿಸಬೇಡ ಅಂತ ಹೇಳಿ ಪಕ್ಕದಲ್ಲಿ ಓಡುತ್ತಿದ್ದ. ತನಗೆ ಉಸಿರು ಹತ್ತಿದಾಗ ಮತ್ತೆ ಏರುತ್ತಿದ್ದ. ಮುಂದೆ ದಾರಿಯ ಮೇಲೆ ಮಂಜಿನಂಥ ಮೋಡ ಕಂಡಿತು. ಹತ್ತಿರ ಹೋದರೆ ಅದು ಕುದುರೆಗಳು ಎಬ್ಬಿಸಿದ ಧೂಳು. ಒಂದರ ಹಿಂದೆ ಒಂದು, ಮೈಯೆಲ್ಲ ಬೆವರಿನ ನೊರೆ. ಹೊಲಗಳಲ್ಲಿ ಒಬ್ಬ ಆಳೂ ಕಾಣಲಿಲ್ಲವಂತೆ. ವೇದಿಕೆ ಮೇಲೆ ಬಂದದ್ದು ಸಣಕಲು ಮೈಯ ಯುವಕ. ಆ ಪ್ರಸಂಗ ತನ್ನ ಎದೆಗೆ ಗಾಯ ಮಾಡಿತು ಅಂತ ಕೋಲ್ ಬರೆಯುತ್ತಾನೆ. ವಿಟ್‌ಫೀಲ್ಡರಿಗೆ ಆಗ 25 ವರ್ಷ.

ಮುಂದೆ ಅಮೆರಿಕದ ಸ್ಥಾಪಕರಲ್ಲಿ ಒಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ಇಂಥದ್ದಕ್ಕೆ ಸುಲಭವಾಗಿ ಕರಗುವವರಲ್ಲ. ಫಿಲಡೆಲ್ಫಿಯಾದಲ್ಲಿ ವಿಟ್‌ಫೀಲ್ಡ್ ಮಾತಾಡುತ್ತಿದ್ದಾಗ ಅವರು ದನಿ ಎಲ್ಲಿಯವರೆಗೆ ಕೇಳುತ್ತದೆ ಅಂತ ಪರೀಕ್ಷಿಸಲು ಹಿಂದೆ ಹಿಂದೆ ನಡೆದರು. ಆ ದೂರವನ್ನು ಅರ್ಧವೃತ್ತದ ತ್ರಿಜ್ಯ ಮಾಡಿ, ಒಬ್ಬರಿಗೆ ಎರಡು ಚದರ ಅಡಿ ಅಂತ ಹಿಡಿದು, 30,000ಕ್ಕೂ ಹೆಚ್ಚು ಜನರಿಗೆ ಕೇಳಿಸಬಹುದು ಅಂತ ಲೆಕ್ಕ ಹಾಕಿದರು. ಮೈಕ್ ಇಲ್ಲದ ಕಾಲ. ಇನ್ನೊಮ್ಮೆ ಜಾರ್ಜಿಯಾದ ಅನಾಥಾಲಯಕ್ಕೆ ವಂತಿಗೆ ಎತ್ತುವ ಸಭೆ. ಒಂದು ಕಾಸೂ ಕೊಡುವುದಿಲ್ಲ ಅಂತ ಫ್ರಾಂಕ್ಲಿನ್ ನಿರ್ಧರಿಸಿ ಹೋಗಿದ್ದರು. ಮಾತು ಕೇಳುತ್ತಾ ತಾಮ್ರದ ಕಾಸು ಕೊಡೋಣ ಅನ್ನಿಸಿತು. ಇನ್ನಷ್ಟು ಕೇಳಿದ ಮೇಲೆ ಬೆಳ್ಳಿ. ಕೊನೆಗೆ ಚಿನ್ನ ಸಮೇತ ಜೇಬು ಖಾಲಿ. ಇದನ್ನು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ವಿಟ್‌ಫೀಲ್ಡರ ಪ್ರಸಂಗಗಳನ್ನು ಅಚ್ಚು ಹಾಕಿ ಮಾರಿದ ಮುದ್ರಕರೂ ಅವರೇ, ಅಂದರೆ ಆ ಚಿನ್ನ ಅಷ್ಟೇನೂ ದೂರ ಹೋಗಲಿಲ್ಲ ಅನ್ನಿ.

ಊರ ಪಾದ್ರಿಗಳಿಗೆ ಯಾಕೆ ಸಿಟ್ಟು?

ಮೊದಮೊದಲು ಅವರಿಗೂ ಖುಷಿಯೇ. ಆರಿದ್ದ ಬಿಸಿ ಮತ್ತೆ ಏರುತ್ತಿತ್ತಲ್ಲ. ಆದರೆ 1740ರಲ್ಲಿ ಗಿಲ್ಬರ್ಟ್ ಟೆನೆಂಟ್ ಅನ್ನುವ ಪ್ರೆಸ್ಬಿಟೇರಿಯನ್ ಬೋಧಕ ಒಂದು ಕಿಡಿ ಹಾಕಿದರು. ಸ್ವತಃ ಹೊಸದಾಗಿ ಹುಟ್ಟದ ಪಾದ್ರಿ ಬೇರೆಯವರಿಗೆ ದಾರಿ ತೋರಿಸಲಾರ, ನಿಮ್ಮ ಪಾದ್ರಿ ಅಂಥವರಾದರೆ ಅವರನ್ನು ಬಿಟ್ಟು ಬೇರೆ ಕಡೆ ಹೋಗಿ ಕೇಳಿ ಅಂದರು.

ಇದು ದೊಡ್ಡ ಮಾತು. ಪಾದ್ರಿ ಕಲಿತವರು, ಜನ ಕೇಳುವವರು ಅನ್ನುವುದು ಅಲ್ಲಿಯವರೆಗಿನ ಕ್ರಮ. ಈಗ ಪಾದ್ರಿ ಸರಿಯಿದ್ದಾರಾ ಇಲ್ಲವಾ ಅಂತ ನೋಡುವ ಕೆಲಸ ರೈತ, ಕಮ್ಮಾರ, ಮನೆಗೆಲಸದ ಹೆಂಗಸಿನ ಕೈಗೆ ಬಂತು. ಪ್ರೆಸ್ಬಿಟೇರಿಯನ್ನರು 1741ರಲ್ಲಿ ಎರಡಾದರು, ಮತ್ತೆ ಒಂದಾದದ್ದು 1758ರಲ್ಲಿ. ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಇರುವ ಈಶಾನ್ಯ ಭಾಗದಲ್ಲಿ, ಚಳವಳಿಯ ಪರ ಇದ್ದವರಿಗೆ ಹೊಸ ಬೆಳಕಿನವರು, ವಿರೋಧಿಗಳಿಗೆ ಹಳೆ ಬೆಳಕಿನವರು ಅಂತ ಹೆಸರು ಬಿತ್ತು. ಬಾಸ್ಟನ್ನಿನ ಚಾರ್ಲ್ಸ್ ಚೌನ್ಸಿ ವಿರೋಧಿಗಳ ಮುಂದಾಳು. ಅಳು, ಕೂಗಾಟ, ಬೀಳುವುದು ಇವೆಲ್ಲ ಉದ್ರೇಕ ಅಷ್ಟೇ, ಧರ್ಮಕ್ಕೆ ಬುದ್ಧಿ ಬೇಕು ಅನ್ನುವುದು ಅವರ ವಾದ. 1742ರಲ್ಲಿ ಕನೆಕ್ಟಿಕಟ್ ಒಂದು ಕಾನೂನನ್ನೇ ತಂದಿತು: ಕರೆಯದೆ ಇನ್ನೊಬ್ಬರ ಊರಲ್ಲಿ ಬೋಧಿಸಿದರೆ ಸಂಬಳ ಕಟ್, ಹೊರಗಿನವರಾದರೆ ಅಲೆಮಾರಿಯಂತೆ ಹಿಡಿದು ಗಡಿಪಾರು.

ಚೌನ್ಸಿಯವರ ವಾದಕ್ಕೆ ಸಾಕ್ಷಿ ಒದಗಿಸಿದವರು ಜೇಮ್ಸ್ ಡ್ಯಾವನ್‌ಪೋರ್ಟ್. ಯೇಲ್ ಕಾಲೇಜಿನಲ್ಲಿ ಓದಿದವರು. 1743ರ ಮಾರ್ಚಿನಲ್ಲಿ ನ್ಯೂ ಲಂಡನ್ ಊರಲ್ಲಿ ಅವರು ಜನರಿಂದ ಧಾರ್ಮಿಕ ಪುಸ್ತಕಗಳ ರಾಶಿ ಹಾಕಿಸಿ ಸುಡಿಸಿದರು. ಹೆಸರಾಂತ ಪ್ಯೂರಿಟನ್ ಪಾದ್ರಿಗಳ ಪುಸ್ತಕಗಳೂ ಅದರಲ್ಲಿದ್ದವು. ಮಾರನೆಯ ದಿನ ಬಟ್ಟೆಯ ಸರದಿ. ಬೆಲೆಬಾಳುವ ಬಟ್ಟೆ, ಆಭರಣ ರಾಶಿ ಬಿತ್ತು. ಡ್ಯಾವನ್‌ಪೋರ್ಟ್ ತಮ್ಮ ಚಲ್ಲಣವನ್ನೇ ಕಳಚಿ ರಾಶಿಗೆ ಎಸೆದರು. ಹಿಂಬಾಲಕರಲ್ಲೇ ಒಬ್ಬ ಹೆಂಗಸಿಗೆ ಇದು ಅತಿಯಾಯಿತು ಅನ್ನಿಸಿ, ಅದನ್ನು ಎತ್ತಿ ಅವರ ಮೇಲೆಯೇ ಬಿಸಾಕಿದಳು. ಮರುವರ್ಷ ಡ್ಯಾವನ್‌ಪೋರ್ಟ್ ತಾವು ಮಾಡಿದ್ದು ತಪ್ಪು ಅಂತ ಬರೆದು ಪ್ರಕಟಿಸಿದರು.

ಆರಿಸುವ ಹಕ್ಕು ಎಡ್ವರ್ಡ್ಸರಿಗೂ ತಿರುಗಿ ಬಂತು. ಅನುಭವ ಹೇಳಿಕೊಳ್ಳದವರಿಗೆ ಕರ್ತನ ಭೋಜನ (ಯೇಸುವಿನ ಕೊನೆಯ ಊಟದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಕೊಡುವುದಿಲ್ಲ ಅಂತ ಅವರು ಪಟ್ಟು ಹಿಡಿದಾಗ, ಅವರದೇ ಸಭೆಯವರು 1750ರಲ್ಲಿ ಮತ ಹಾಕಿ ಅವರನ್ನು ಹೊರಗೆ ಕಳುಹಿಸಿದರು. ಮೂಲನಿವಾಸಿಗಳ ನಡುವೆ, ಸ್ಟಾಕ್‌ಬ್ರಿಜ್ ಅನ್ನುವ ಗಡಿ ಊರಲ್ಲಿ ಕೆಲಸ ಮಾಡಿ, ಕೊನೆಗೆ ಇಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವಾಗಿರುವ ಕಾಲೇಜಿನ ಅಧ್ಯಕ್ಷರಾದರು. ಸಿಡುಬಿನ ವಿರುದ್ಧ ಚುಚ್ಚಿಸಿಕೊಂಡದ್ದೇ ಮುಳುವಾಗಿ 1758ರಲ್ಲಿ ತೀರಿಕೊಂಡರು.

ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿ ಅಂದವರು ಯಾರು?

ಧರ್ಮವನ್ನು ಸರ್ಕಾರದಿಂದ ದೂರ ಇಡಬೇಕು ಅಂದವರು ದೇವರಲ್ಲಿ ಅಷ್ಟಾಗಿ ನಂಬಿಕೆಯಿಲ್ಲದ ಬುದ್ಧಿಜೀವಿಗಳು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಅಮೆರಿಕದಲ್ಲಿ ಅವರ ಜೊತೆ ಅಷ್ಟೇ ಜೋರಾಗಿ ಕೂಗಿದವರು ಬ್ಯಾಪ್ಟಿಸ್ಟ್ ಬೋಧಕರು.

ಕಾರಣ ಸುಲಭ. ಹೊಸ ಬೆಳಕಿನವರು ಹಳೆ ಚರ್ಚು ಬಿಟ್ಟು ಬೇರೆ ಸಭೆ ಕಟ್ಟಿಕೊಂಡರು, ಹಲವರು ಬ್ಯಾಪ್ಟಿಸ್ಟರಾದರು. ಆದರೆ ಬಿಟ್ಟುಬಂದ ಚರ್ಚಿಗೆ ತೆರಿಗೆ ಕಟ್ಟುವುದು ತಪ್ಪಲಿಲ್ಲ. ಕಟ್ಟದಿದ್ದರೆ ಜಪ್ತಿ, ಇಲ್ಲವೇ ಜೈಲು. ಬೋಧಕ ಐಸಾಕ್ ಬ್ಯಾಕಸ್ ಅವರ ವಿಧವೆ ತಾಯಿಯನ್ನೇ 1752ರಲ್ಲಿ ಇದಕ್ಕಾಗಿ ಜೈಲಿಗೆ ಹಾಕಿದರು. ವರ್ಜೀನಿಯಾದಲ್ಲಿ ಪರವಾನಗಿ ಇಲ್ಲದೆ ಬೋಧಿಸಿದ ಬ್ಯಾಪ್ಟಿಸ್ಟರು ಜೈಲು ಸೇರಿದರು. ಕಲ್‌ಪೆಪರ್ ಜೈಲಿನಲ್ಲಿ ಜೇಮ್ಸ್ ಐರ್ಲೆಂಡ್ ಕಿಟಕಿಯ ಸರಳುಗಳ ಸಂದಿಯಿಂದಲೇ ಹೊರಗಿನವರಿಗೆ ಪ್ರಸಂಗ ಮಾಡಿದರು. ಇಂಥ ಬಂಧನಗಳನ್ನು ಕಂಡು ಕೆರಳಿದವರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಯುವಕ ಜೇಮ್ಸ್ ಮ್ಯಾಡಿಸನ್ ಒಬ್ಬರು. 1774ರ ಪತ್ರವೊಂದರಲ್ಲಿ ಅವರ ಸಿಟ್ಟು ಕಾಣುತ್ತದೆ. ಮುಂದೆ ವರ್ಜೀನಿಯಾದ 1786ರ ಧರ್ಮಸ್ವಾತಂತ್ರ್ಯ ಕಾಯಿದೆಯನ್ನು ಪಾಸು ಮಾಡಿಸಿದವರು ಅವರೇ. ಸರ್ಕಾರ ಯಾವ ಧರ್ಮವನ್ನೂ ಅಧಿಕೃತ ಮಾಡಬಾರದು ಅನ್ನುವ 1791ರ ಸಂವಿಧಾನ ತಿದ್ದುಪಡಿಯ ಹಿಂದೆಯೂ ಅವರೇ ಇದ್ದರು.

ಆ ತಿದ್ದುಪಡಿ ಕಟ್ಟಿಹಾಕಿದ್ದು ಕೇಂದ್ರ ಸರ್ಕಾರವನ್ನು ಮಾತ್ರ. ರಾಜ್ಯಗಳಲ್ಲಿ ಚರ್ಚಿನ ತೆರಿಗೆ ಮುಂದುವರಿಯಿತು. ಅದಕ್ಕೇ ಕನೆಕ್ಟಿಕಟ್ಟಿನ ಡ್ಯಾನ್‌ಬರಿ ಬ್ಯಾಪ್ಟಿಸ್ಟರು ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರಿಗೆ ಪತ್ರ ಬರೆದರು. 1802ರ ಜನವರಿ 1ರಂದು ಅವರು ಕೊಟ್ಟ ಉತ್ತರದಲ್ಲೇ 'ಚರ್ಚಿಗೂ ರಾಜ್ಯಕ್ಕೂ ನಡುವೆ ಗೋಡೆ' ಅನ್ನುವ ಪ್ರಸಿದ್ಧ ಮಾತಿದೆ. ಅದೇ ದಿನ ಬ್ಯಾಪ್ಟಿಸ್ಟ್ ಬೋಧಕ ಜಾನ್ ಲೀಲೆಂಡ್ ಅವರು ಮ್ಯಾಸಚೂಸೆಟ್ಸಿನ ಚೆಷೈರ್ ಊರಿನಿಂದ ತಂದ ಉಡುಗೊರೆಯನ್ನು ಜೆಫರ್ಸನ್‌ಗೆ ಒಪ್ಪಿಸಿದರು: 1,235 ಪೌಂಡ್ ತೂಕದ ಚೀಸ್ ಗಡ್ಡೆ, ಹತ್ತಿರ ಹತ್ತಿರ 560 ಕಿಲೋ. ಗುಲಾಮರ ದುಡಿಮೆ ಇಲ್ಲದೆ, ಸ್ವತಂತ್ರ ರೈತರೇ ಮಾಡಿದ್ದು ಅನ್ನುವುದು ಅವರ ಹೆಮ್ಮೆ.

ಗುಲಾಮಗಿರಿ ಬಗ್ಗೆ ಏನಂದರು?

ಇಲ್ಲಿ ಲೆಕ್ಕ ಸರಿಹೊಂದುವುದಿಲ್ಲ. ಗುಲಾಮರನ್ನು ಕ್ರೂರವಾಗಿ ನಡೆಸಿಕೊಳ್ಳಬೇಡಿ ಅಂತ ವಿಟ್‌ಫೀಲ್ಡ್ ಬರೆದರು. ಅದೇ ವಿಟ್‌ಫೀಲ್ಡ್, ಜಾರ್ಜಿಯಾದಲ್ಲಿ ಗುಲಾಮರನ್ನು ಇಟ್ಟುಕೊಳ್ಳಲು ಕಾನೂನು ಬಿಡಬೇಕು ಅಂತ ಒತ್ತಾಯಿಸಿದರು, ಅನಾಥಾಲಯದ ಖರ್ಚಿಗಾಗಿ ತಾವೂ ಇಟ್ಟುಕೊಂಡರು. ಎಡ್ವರ್ಡ್ಸರ ಮನೆಯಲ್ಲೂ ಗುಲಾಮರಿದ್ದರು.

ಆದರೆ ಹೊಸದಾಗಿ ಹುಟ್ಟುವುದಕ್ಕೆ ಬಣ್ಣದ ಹಂಗಿಲ್ಲ ಅನ್ನುವ ಮಾತನ್ನು ಕಪ್ಪು ಜನ ಬೋಧಕರಿಗಿಂತ ಗಟ್ಟಿಯಾಗಿ ಹಿಡಿದುಕೊಂಡರು. ರಿಚರ್ಡ್ ಅಲೆನ್ 1760ರಲ್ಲಿ ಗುಲಾಮರಾಗಿ ಹುಟ್ಟಿದವರು. ಅವರ ಯಜಮಾನ ಒಬ್ಬ ಮೆಥಡಿಸ್ಟ್ ಬೋಧಕನ ಪ್ರಸಂಗ ಕೇಳಿ, ಗುಲಾಮರನ್ನು ಇಟ್ಟುಕೊಳ್ಳುವುದು ತಪ್ಪು ಅಂತ ಮನಗಂಡ. ಆದರೆ ಸುಮ್ನೆ ಬಿಡಲಿಲ್ಲ. ಅಲೆನ್ ದುಡಿದು, ದುಡ್ಡು ಕಟ್ಟಿ ಬಿಡುಗಡೆ ಪಡೆದರು. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಕಪ್ಪು ಭಕ್ತರನ್ನು ಪ್ರಾರ್ಥನೆಯ ನಡುವೆಯೇ ಎಬ್ಬಿಸಿದಾಗ ಎಲ್ಲರೂ ಒಟ್ಟಾಗಿ ಹೊರಗೆ ನಡೆದರು. ಅಲೆನ್ ಒಂದು ಹಳೆಯ ಕಮ್ಮಾರಸಾಲೆಯನ್ನು ಕೊಂಡು, ತಮ್ಮ ನಿವೇಶನಕ್ಕೆ ಕುದುರೆಗಳಿಂದ ಎಳೆಸಿ ತಂದು, 1794ರಲ್ಲಿ ಬೆತೆಲ್ ಚರ್ಚು ಶುರು ಮಾಡಿದರು. 1816ರಲ್ಲಿ ಅದು ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಅನ್ನುವ ಸ್ವತಂತ್ರ ಪಂಗಡವಾಯಿತು, ಅಲೆನ್ ಮೊದಲ ಬಿಷಪ್. ಜರೀನಾ ಲೀ ಅನ್ನುವ ಹೆಂಗಸು ಬೋಧಿಸಲು ಅನುಮತಿ ಕೇಳಿದಾಗ ಅಲೆನ್ ಮೊದಲು ಇಲ್ಲ ಅಂದಿದ್ದರು. ವರ್ಷಗಳ ನಂತರ ಬೆತೆಲ್‌ನಲ್ಲಿ ಒಬ್ಬ ಬೋಧಕ ಪ್ರಸಂಗದ ನಡುವೆ ಮಾತು ಸಿಗದೆ ತಡವರಿಸಿದ. ಲೀ ಎದ್ದು ನಿಂತು ಅದನ್ನು ಅಲ್ಲಿಂದಲೇ ಮುಂದುವರಿಸಿದರು. ಅಲೆನ್ ಒಪ್ಪಿಕೊಂಡರು.

ಎರಡನೆಯ ಅಲೆ: ಕುದುರೆ, ಡೇರೆ, ಬೆಂಚು

1740ರ ಸುತ್ತಮುತ್ತಲಿನ ಈ ಉಜ್ಜೀವನಕ್ಕೆ ಮೊದಲ ಮಹಾ ಜಾಗೃತಿ ಅಂತ ಹೆಸರು. 1800ರ ಸುಮಾರಿಗೆ ಎದ್ದದ್ದು ಎರಡನೆಯದು. ಅಷ್ಟರಲ್ಲಿ ಜನ ಪಶ್ಚಿಮಕ್ಕೆ, ಕಾಡು ಕಡಿದ ಹೊಸ ನೆಲಕ್ಕೆ ಹೋಗುತ್ತಿದ್ದರು. ಅಲ್ಲಿ ಚರ್ಚು ಎಲ್ಲಿಂದ ಬರಬೇಕು? ಮೆಥಡಿಸ್ಟರು ಬೋಧಕನನ್ನೇ ಕುದುರೆ ಹತ್ತಿಸಿದರು. ಒಬ್ಬೊಬ್ಬನಿಗೂ ಒಂದು ಸುತ್ತು, ಆ ದಾರಿಯ ಹಟ್ಟಿ, ಗುಡಿಸಲುಗಳಲ್ಲೇ ಪ್ರಸಂಗ. 1800ರಲ್ಲಿ ಏರಿಸಿದ ಮೇಲೂ ಸಂಬಳ ವರ್ಷಕ್ಕೆ 80 ಡಾಲರ್. ಇದನ್ನು ನಡೆಸಿದ ಬಿಷಪ್ ಫ್ರಾನ್ಸಿಸ್ ಆಸ್ಬರಿ 1771ರಲ್ಲಿ ಇಂಗ್ಲೆಂಡಿನಿಂದ ಬಂದವರು. ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. ಅವರು ಬಂದಾಗ ಅಮೆರಿಕದ ಮೆಥಡಿಸ್ಟರು ಕೆಲವೇ ನೂರು ಜನ. 1816ರಲ್ಲಿ ಅವರು ತೀರಿಕೊಂಡಾಗ ಎರಡು ಲಕ್ಷ ದಾಟಿದ್ದರು.

1801ರ ಆಗಸ್ಟಿನಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ಬಾರ್ಟನ್ ಸ್ಟೋನ್ ಅವರ ಚರ್ಚಿನ ಸುತ್ತ ಗಾಡಿ, ಡೇರೆಗಳ ಸಂತೆಯೇ ನೆರೆಯಿತು. ಹತ್ತರಿಂದ ಇಪ್ಪತ್ತು ಸಾವಿರ ಜನ ಅನ್ನುವುದು ಅಂದಾಜು. ಆ ರಾಜ್ಯದ ಅತಿ ದೊಡ್ಡ ಊರಾದ ಲೆಕ್ಸಿಂಗ್ಟನ್ನಿನ ಜನಸಂಖ್ಯೆ ಆಗ 2,000ಕ್ಕೂ ಕಡಿಮೆ. ಪ್ರೆಸ್ಬಿಟೇರಿಯನ್ನರು, ಮೆಥಡಿಸ್ಟರು ಒಂದೇ ಹೊತ್ತಿಗೆ ಬೇರೆ ಬೇರೆ ಕಡೆ ನಿಂತು ಬೋಧಿಸಿದರು. ಜನ ನಡುಗಿದರು, ಸಾಲು ಸಾಲಾಗಿ ನೆಲಕ್ಕೆ ಬಿದ್ದರು.

ಚಾರ್ಲ್ಸ್ ಫಿನ್ನಿ (1792–1875) ಇದನ್ನೆಲ್ಲ ಪಟ್ಟಣಕ್ಕೆ ಒಗ್ಗಿಸಿದವರು. ವಕೀಲಿ ಕಲಿತು ಕೆಲಸ ಮಾಡುತ್ತಿದ್ದವರು 1821ರಲ್ಲಿ ಬದಲಾಗಿ ಬೋಧಕರಾದರು. ಮಾತು ಮಾತ್ರ ವಕೀಲರದೇ. 'ಮನುಷ್ಯರು' ಅನ್ನುವುದಿಲ್ಲ, 'ನೀನು' ಅನ್ನುತ್ತಿದ್ದರು. ಮುಂದೆ ಒಂದು ಬೆಂಚು ಹಾಕಿಸಿ, ಮನಸ್ಸು ಕಲಕಿದವರು ಎದ್ದು ಬಂದು ಅಲ್ಲಿ ಕೂರಬೇಕು ಅನ್ನುತ್ತಿದ್ದರು. ಹೆಂಗಸರು ಗಂಡಸರ ಮುಂದೆ ಗಟ್ಟಿಯಾಗಿ ಪ್ರಾರ್ಥಿಸಲು ಬಿಟ್ಟರು. 1830–31ರಲ್ಲಿ ಈರಿ ಕಾಲುವೆಯ ದಡದ ರಾಚೆಸ್ಟರ್ ಊರಲ್ಲಿ ತಿಂಗಳುಗಟ್ಟಲೆ ಸಭೆ ನಡೆಸಿದರು. ಎಡ್ವರ್ಡ್ಸರಿಗೆ ಉಜ್ಜೀವನ ಅಂದರೆ ದೇವರು ಅಚ್ಚರಿಯಾಗಿ ಮಾಡುವ ಕೆಲಸ. ಫಿನ್ನಿಗೆ ಅದು ಪವಾಡವಲ್ಲ, ಸರಿಯಾದ ಕ್ರಮ ಅನುಸರಿಸಿದರೆ ಬರುವ ಫಲ. ಇಂದಿನ ದೊಡ್ಡ ಸ್ಟೇಡಿಯಂ ಸಭೆಗಳ ಹಿಂದಿರುವುದು ಈ ಎರಡನೆಯ ನಂಬಿಕೆ. ಗುಲಾಮರ ಒಡೆಯರಿಗೆ ಕರ್ತನ ಭೋಜನ ಕೊಡುವುದಿಲ್ಲ ಅಂತಲೂ ಫಿನ್ನಿ ಹೇಳಿದರು.

ತೆರಿಗೆ ನಿಂತಾಗ ಏನಾಯಿತು?

ಕನೆಕ್ಟಿಕಟ್ಟಿನಲ್ಲಿ ಚರ್ಚಿನ ತೆರಿಗೆ 1818ರಲ್ಲಿ ನಿಂತಿತು, ಮ್ಯಾಸಚೂಸೆಟ್ಸಿನಲ್ಲಿ 1833ರಲ್ಲಿ. ಕನೆಕ್ಟಿಕಟ್ಟಿನ ಲೈಮನ್ ಬೀಚರ್ ಅನ್ನುವ ಪಾದ್ರಿ ಅದನ್ನು ತಡೆಯಲು ಬಹಳ ಹೆಣಗಿದ್ದರು. ಸೋತ ದಿನ ಅಡುಗೆಮನೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರಂತೆ. ಕೆಲವು ವರ್ಷಗಳಾದ ಮೇಲೆ ಅವರೇ, ನಮ್ಮ ರಾಜ್ಯಕ್ಕೆ ಅದಕ್ಕಿಂತ ಒಳ್ಳೆಯದು ಯಾವುದೂ ಆಗಿರಲಿಲ್ಲ ಅಂದರು. ಸರ್ಕಾರದ ಆಸರೆ ತಪ್ಪಿದ ಮೇಲೆ ಪಾದ್ರಿಗಳು ಜನರ ಹತ್ತಿರ ಹೋಗಲೇಬೇಕಾಯಿತು. ಕುಡಿತ ಬಿಡಿಸುವ ಸಂಘ, ಭಾನುವಾರದ ಶಾಲೆ, ಬೈಬಲ್ ಹಂಚುವ ಸಂಘ, ವಿದೇಶಕ್ಕೆ ಮಿಷನರಿ ಕಳುಹಿಸುವ ಸಂಘ, ಎಲ್ಲ ಜನರ ವಂತಿಗೆಯಿಂದಲೇ ಬೆಳೆದವು.

ಆ ದಾರಿ ನಮ್ಮ ಊರಿಗೂ ಬಂತು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಹುಚ್ಚು ಎದ್ದಾಗ ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ನಿಂತು ಬೋಧಿಸಿದ ಮೆಥಡಿಸ್ಟ್ ವಿಲಿಯಂ ಟೇಲರ್ 1870ರ ದಶಕದಲ್ಲಿ ಬಾಂಬೆ, ಕಲ್ಕತ್ತಾ, ಮದ್ರಾಸ್, ಬೆಂಗಳೂರುಗಳಲ್ಲಿ ಉಜ್ಜೀವನ ಕೂಟ ನಡೆಸಿದರು. ವಿದೇಶದ ದುಡ್ಡಿಗೆ ಕಾಯದೆ ಸಭೆ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು ಅನ್ನುವುದು ಅವರ ಹಟ. ಆ ಹಟ ಎಲ್ಲ ಕಡೆ ನಡೆಯಲಿಲ್ಲ. ಬೆಂಗಳೂರಿನ ಅಮೆರಿಕನ್ ಮೆಥಡಿಸ್ಟರು 1880ರಲ್ಲಿ ಶುರು ಮಾಡಿದ ಶಾಲೆಗೆ ಆಮೇಲೆ ನೆರವಾದವರು ಒಹಾಯೊ ರಾಜ್ಯದ ಜಾನ್ ಬಾಲ್ಡ್‌ವಿನ್. ರಿಚ್ಮಂಡ್ ರಸ್ತೆಯ ಬಾಲ್ಡ್‌ವಿನ್ ಶಾಲೆಗೆ ಆ ಹೆಸರು ಅವರಿಂದ ಬಂದದ್ದು.